ದುಂಬಿ ಮುಟ್ಟಿದ ಹೂವು

ದೇವರಿಗೆ ಏರಿಸುವ ಹೂವನ್ನು ದುಂಬಿ ಮುಟ್ಟಿರಬಹುದೋ, ಮುಟ್ಟಿರಬಾರದೋ? ಕುಮಟಾ ತಾಲ್ಲೂಕಿನ ಹಳ್ಳಿಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು ನಾನು. ಇಲ್ಲಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದೆ. ನಮ್ಮ ಬಿಲ್ಡಿಂಗಿಗೂ ಕಂಪೌಂಡು ಗೋಡೆಗೂ ನಡುವೆ ಒಂದು ಪಟ್ಟಿ ಮಣ್ಣಿದೆ. ಸೊಸೈಟಿಯವರು ಅದನ್ನು ನನ್ನ ಕೈಗೆ ಬಿಟ್ಟಿದ್ದಾರೆ. ಅಲ್ಲಿ ಏನು ನೆಡುವುದು, ನೆಟ್ಟದ್ದರಲ್ಲಿ ಎಷ್ಟು ಕೊಯ್ಯುವುದು, ಯಾವ ಹೊತ್ತಿಗೆ ಕೊಯ್ಯುವುದು ಎಂದು ಯೋಚಿಸುವಾಗಲೆಲ್ಲ ಈ ಪ್ರಶ್ನೆ ಎದುರು ಬಂದು ನಿಲ್ಲುತ್ತದೆ. ಇದು ತೋಟಗಾರಿಕೆಯ ಪ್ರಶ್ನೆ ಎಂದು ಕೆಲವರು, ಮಡಿಯ ಪ್ರಶ್ನೆ ಎಂದು ಕೆಲವರು ಹೇಳುತ್ತಾರೆ. ನನಗೆ ಇದು ಪೂಜೆಯೆಂದರೆ ಏನು ಎಂಬ ಪ್ರಶ್ನೆ.

ಮೊದಲು ಇದನ್ನು ಎತ್ತಿದವಳು ಠಾಣೆಯ ವರ್ತಕ ನಗರದಲ್ಲಿರುವ ನನ್ನ ನಾದಿನಿ. ಅವರ ಮನೆಯ ಸತ್ಯನಾರಾಯಣ ಪೂಜೆಗೆ ನಾನು ಒಯ್ದ ಬುಟ್ಟಿಯಲ್ಲಿ ಒಂದು ಕೆಂಪು ದಾಸವಾಳದ ಒಳಗಿಂದ ಪುಟ್ಟ ಜೇನೊಂದು ಮೈತುಂಬ ಪರಾಗ ಮೆತ್ತಿಕೊಂಡು ಹೊರಗೆ ಬಂತು. "ಅತ್ತಿಗೆ, ಇದು ಎಂಜಲಾಯ್ತಲ್ಲ" ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ನಸುಕಿನಲ್ಲೇ ಮಿಂದು, ಇನ್ನೂ ಯಾವ ಹುಳವೂ ಏಳುವ ಮೊದಲು ಹೂ ಕೊಯ್ಯುವವಳು ಅವಳು. ಮೊದಲ ಪಾಲು ದೇವರಿಗೆ ಸಲ್ಲಬೇಕು ಎನ್ನುವುದು ಅವಳ ಬದುಕಿನ ಶಿಸ್ತು. ನೈವೇದ್ಯಕ್ಕೆ ಮೊದಲು ಸಾರಿನ ಉಪ್ಪು ಕೂಡ ನೋಡದವಳಿಗೆ ದುಂಬಿ ರುಚಿ ನೋಡಿದ ಹೂ ಹೇಗೆ ಒಪ್ಪಿಗೆಯಾದೀತು?

ಪೂಜೆಯ ಹೂವಿಗೆ ನಮ್ಮಲ್ಲಿ ಕಟ್ಟಳೆಗಳು ಬಹಳ. ನೆಲಕ್ಕೆ ಬಿದ್ದದ್ದು ಆಗದು, ಮೂಸಿದ್ದು ಆಗದು, ಬಾಡಿದ್ದು ಆಗದು, ಹುಳ ತಿಂದದ್ದು ಆಗದು. ಸಂಪಿಗೆ, ತಾವರೆ ಬಿಟ್ಟರೆ ಉಳಿದವುಗಳ ಮೊಗ್ಗನ್ನು ಏರಿಸಬಾರದು ಎನ್ನುತ್ತಾರೆ ಹಿರಿಯರು. ದ್ವಾದಶಿಯಂದು ತುಳಸಿ ಕೊಯ್ಯುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಯಾವ ಗಿಡಕ್ಕೂ ಕೈ ಹಾಕುವಂತಿಲ್ಲ. ಈ ಕಟ್ಟಳೆಗಳನ್ನು ನಾನು ಹಗುರವಾಗಿ ಕಾಣುವವಳಲ್ಲ. ಗಿಡಕ್ಕೂ ಬಿಡುವು ಬೇಕು, ಅದಕ್ಕೂ ತನ್ನ ಹೊತ್ತು ಇದೆ ಎಂದು ಬಲ್ಲವರು ಮಾಡಿದ ಕಟ್ಟಳೆ ಇವು. ಆದರೆ ದುಂಬಿ ಕೂತ ಹೂ ಆಗದು ಎಂಬ ಕಟ್ಟಳೆಯನ್ನು ಯಾರೂ ನನಗೆ ತೋರಿಸಿಲ್ಲ. ಹಾಗಿದ್ದಿದ್ದರೆ ಅರಳಿದ ಹೂವೇ ಪೂಜೆಗೆ ಸಿಗುತ್ತಿರಲಿಲ್ಲ, ಏಕೆಂದರೆ ಹೂ ಅರಳುವುದೇ ದುಂಬಿಯನ್ನು ಕರೆಯಲು.

ಹನ್ನೆರಡನೇ ಶತಮಾನದಲ್ಲೇ ಬಸವಣ್ಣನವರು ಒಂದು ವಚನದಲ್ಲಿ ಇದನ್ನು ಕೇಳಿದ್ದಾರೆ. ಪೂಜೆಯ ಸಾಮಗ್ರಿಯಲ್ಲಿ ಇನ್ನೊಂದು ಜೀವಿಯ ಬಾಯಿ ತಾಗದೆ ಬಂದದ್ದು ಯಾವುದೂ ಇಲ್ಲ ಎಂಬುದು ಅದರ ತಾತ್ಪರ್ಯ. ಒಂದೂವರೆ ಶತಮಾನದ ಆಚೆ ಇದೇ ಮರಾಠಿ ಸೀಮೆಯ ನಾಮದೇವರೂ ಅವೇ ಸಾಕ್ಷಿಗಳನ್ನು ಕರೆದರು: ಹಾಲಿಗೆ ಕರು, ನೀರಿಗೆ ಜಲಚರ, ಹೂವಿಗೆ ದುಂಬಿ. ಅವರ ಆ ಪದ ಸಿಖ್ಖರ ಗುರು ಗ್ರಂಥ ಸಾಹಿಬ್‌ನಲ್ಲಿ ಸೇರಿದೆ. ಇಬ್ಬರೂ ಮಡಿಯ ಅಹಂಕಾರವನ್ನು ಇಳಿಸಲು ದುಂಬಿಯನ್ನು ಕರೆತಂದವರು. ನಾದಿನಿಗೆ ಅವರಿಬ್ಬರ ಹೆಸರು ಹೇಳಿದರೆ ಅವಳು ಸುಮ್ಮನಾಗುತ್ತಿದ್ದಳೇನೋ, ಆದರೆ ನನಗೆ ಅಷ್ಟರಿಂದ ಸಮಾಧಾನವಿಲ್ಲ. ಆ ಸಂತರ ಪ್ರಶ್ನೆಯಲ್ಲಿ ದುಂಬಿ ಈಗಾಗಲೇ ಉಂಡಿದೆ. ಉಂಡದ್ದನ್ನು ದೇವರಿಗೆ ಕೊಡುವುದು ಹೇಗೆ ಎಂಬುದು ಅವರ ಕಳವಳ. ಡೊಂಬಿವಲಿಯಲ್ಲಿ, ಕಲ್ಯಾಣದಲ್ಲಿ ಇವತ್ತು ದುಂಬಿಗೆ ಉಣ್ಣುವುದಕ್ಕೇ ಏನೂ ಇಲ್ಲ. ಆದ್ದರಿಂದ ನಾನು ಪ್ರಶ್ನೆಯನ್ನು ದುಂಬಿಯ ಕಡೆಯಿಂದ ಕೇಳುತ್ತೇನೆ: ನಾವು ಮೊದಲು ಕೊಯ್ದರೆ ಅದಕ್ಕೆ ಉಳಿಯುವುದೇನು?

ಇಲ್ಲಿಯ ಬೆಳಗನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ವಾಕಿಂಗಿಗೆ ಹೊರಟವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಕೆಲವರ ಕೈಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ಗೋಡೆಯಾಚೆ ಚಾಚಿದ ಕಣಗಿಲೆ, ನಂದಿಬಟ್ಟಲು, ದಾಸವಾಳ ಸೂರ್ಯ ಹುಟ್ಟುವಷ್ಟರಲ್ಲಿ ಖಾಲಿ. ನಾಳೆ ಅರಳಬೇಕಾದ ಮೊಗ್ಗೂ ಅದರೊಂದಿಗೆ ಹೋಗುತ್ತದೆ. ಜೇನುಗಳು ಬಿಸಿಲೇರುತ್ತ ಬರುವ ಹೊತ್ತಿಗೆ ಗಿಡದಲ್ಲಿ ಬರೀ ತೊಟ್ಟು. ಹೀಗೆ ಕೊಯ್ಯುವವರು ಯಾರೂ ಕೆಟ್ಟವರಲ್ಲ, ಎಲ್ಲರೂ ಭಕ್ತರು. ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಅವಧೂತ ತನ್ನ ಇಪ್ಪತ್ನಾಲ್ಕು ಗುರುಗಳನ್ನು ಎಣಿಸುವಾಗ ಜೇನನ್ನೂ ಒಬ್ಬ ಗುರು ಎನ್ನುತ್ತಾನೆ, ಯಾರಿಗೂ ಹೊರೆಯಾಗದೆ ಮನೆಮನೆಯಿಂದ ಒಂದಿಷ್ಟೇ ತೆಗೆದುಕೊಳ್ಳುವುದನ್ನು ಕಲಿಸಿದ್ದಕ್ಕೆ. ಆ ಅಧ್ಯಾಯವನ್ನು ಪಾರಾಯಣ ಮಾಡುವ ಮನೆಗಳಲ್ಲೇ ಗಿಡದ ಎಲ್ಲ ಹೂವೂ ಒಂದೇ ಬುಟ್ಟಿಗೆ ಬರುತ್ತದೆ. ಇದು ನನ್ನನ್ನು ನೋಯಿಸುತ್ತದೆ.

ಪೇಟೆಯ ಹೂ ತರುವುದು ದಾರಿಯಲ್ಲವೇ ಎಂದು ಕೇಳಬಹುದು. ಕಲ್ಯಾಣದ ಹೂವಿನ ಮಾರ್ಕೆಟ್ಟಿಗೆ ದಸರೆಯ ಹಿಂದಿನ ರಾತ್ರಿ ಹೋಗಿ ನೋಡಿ, ಚೆಂಡುಹೂವಿನ ಗುಡ್ಡಗಳು. ಬೆಳೆದ ರೈತನ ಕಷ್ಟ ದೊಡ್ಡದು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಪೇಟೆಗೆಂದು ಎಸಳಿನ ಮೇಲೆ ಎಸಳು ಬರುವಂತೆ ತಳಿ ಮಾಡಿದ ಹೂಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಸುತ್ತು ಎಸಳಿನ ದಾಸವಾಳ ಹಾಗೆಯೇ, ಮುದ್ದೆ ಗುಲಾಬಿಯೂ ಹಾಗೆಯೇ. ನೋಡಲು ತುಂಬಿದಂತಿದ್ದರೂ ಜೇನಿಗೆ ಅಲ್ಲಿ ಪರಾಗವಿಲ್ಲ, ಮಕರಂದಕ್ಕೆ ದಾರಿಯಿಲ್ಲ. ಐದೆಸಳಿನ ಹಳೇ ಕೆಂಪು ದಾಸವಾಳದ ಮುಂದೆ ನಿಂತು ನೋಡಿದರೆ ವ್ಯತ್ಯಾಸ ಕಣ್ಣಿಗೇ ತಿಳಿಯುತ್ತದೆ.

ಇನ್ನು ನನ್ನ ಪಟ್ಟಿ ಮಣ್ಣಿನ ವಿಚಾರ. ಈ ಸೀಮೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಸುಮಾರು 2500 ಮಿಲಿಮೀಟರ್ ಮಳೆ ಸುರಿದುಬಿಡುತ್ತದೆ. ಆಮೇಲೆ ಹೆಚ್ಚುಕಡಿಮೆ ಎಂಟು ತಿಂಗಳು ಒಣ ಕಾಲ. ಏಪ್ರಿಲ್ ಬರುವಷ್ಟರಲ್ಲಿ ನಲ್ಲಿಯ ನೀರಿಗೆ ಕತ್ತರಿ, ಸೊಸೈಟಿಗೆ ಟ್ಯಾಂಕರು. ಮನುಷ್ಯರಿಗೇ ನೀರು ಅಳೆದು ಕೊಡುವಾಗ ಹೂಗಿಡಕ್ಕೆ ಪೈಪು ಹಿಡಿದು ನಿಲ್ಲುವುದು ನ್ಯಾಯವಲ್ಲ. ಹಾಗಾಗಿ ಈ ಒಣಗಾಲವನ್ನು ತಾವೇ ದಾಟಬಲ್ಲ ಗಿಡಗಳು ಬೇಕು. ಅವನ್ನು ಹುಡುಕಲು ನರ್ಸರಿಗೆ ಹೋಗಬೇಕಿಲ್ಲ, ಯೇವೂರಿನ ಗುಡ್ಡವನ್ನೋ ಮಲಂಗಗಡದ ಬುಡವನ್ನೋ ಫಾಲ್ಗುಣದಲ್ಲಿ ನೋಡಿದರೆ ಸಾಕು. ಎಲೆಯೆಲ್ಲ ಉದುರಿಸಿ ನಿಂತ ಕಾಡಿನಲ್ಲಿ ಬೂರುಗ, ಮುತ್ತುಗ, ಹಾಲಿವಾಣ ಕೆಂಪಗೆ ಉರಿಯುತ್ತಿರುತ್ತವೆ. ನೀರಿಲ್ಲದ ಕಾಲದಲ್ಲೇ ಅವು ಮಕರಂದದ ಬಟ್ಟಲು ಹಿಡಿದು ನಿಲ್ಲುವುದು. ಸೂರಕ್ಕಿ, ಮೈನಾ, ಪಿಕಳಾರಗಳು ಅಲ್ಲಿ ಕೂತು ಕುಡಿಯುತ್ತವೆ. ಧಾತಕಿಯ ಕೆಂಪು ಗೊಂಚಲು ಅದೇ ಒಣ ತಿಂಗಳುಗಳಲ್ಲಿ ಬರುತ್ತದೆ. ಮರಾಠಿಯವರು ಅದನ್ನು ಧಾಯಟಿ ಎನ್ನುತ್ತಾರೆ. ಹೊಂಗೆ ಬೇಸಗೆಯ ನಡುವೆ ಹೂ ಬಿಟ್ಟು ಜೇನಿನ ಗುಂಯ್‌ಗುಡುವಿಕೆಯಲ್ಲಿ ನಡುಗುತ್ತದೆ. ಬೂರುಗ, ಮುತ್ತುಗಗಳಿಗೆ ನಮ್ಮ ಪಟ್ಟಿಯಲ್ಲಿ ಜಾಗವಿಲ್ಲ, ಹೊಂಗೆ ರಸ್ತೆಯಂಚಿನಲ್ಲಿ ಹೇಗೂ ಇದೆ. ನಾನು ಇಟ್ಟದ್ದು ಲಕ್ಕಿ, ಧಾತಕಿ, ಯಡಮುರಿ, ಕೇಪಳ, ಎಕ್ಕ, ಕರಿಬೇವು, ಲಿಂಬೆ, ಒಂದು ಬಿಲ್ವ, ಒಂದು ಪಾರಿಜಾತ, ಗೋಡೆಯ ಬುಡಕ್ಕೆ ತುಂಬೆ. ಮೊದಲ ಬೇಸಗೆಗಳಲ್ಲಿ ಅಕ್ಕಿ ತೊಳೆದ ನೀರು ಹೊಯ್ದೆ. ಬೇರು ಇಳಿದ ಮೇಲೆ ಲಕ್ಕಿ, ಎಕ್ಕಗಳು ನನ್ನನ್ನು ಕೇಳಿಲ್ಲ.

ತುಳಸಿಯ ಮಾತು ಬೇರೆ ಹೇಳಬೇಕು. ಡೊಂಬಿವಲಿಯಲ್ಲಿ ತುಳಸಿಯಿಲ್ಲದ ಗ್ಯಾಲರಿ ಕಾಣುವುದು ಕಷ್ಟ. ಆದರೆ ಕದಿರು ಬಂದ ಕೂಡಲೇ ಚಿವುಟುತ್ತೇವೆ, ಗಿಡ ಹೆಚ್ಚು ದಿನ ಬಾಳಲಿ ಎಂದು. ನಾನು ಅರ್ಧ ಕದಿರನ್ನು ಬಿಡುತ್ತೇನೆ. ಆ ನೇರಳೆ ಬಣ್ಣದ ಸಣ್ಣ ಹೂಗಳಿಗೆ ಕೋಲುಜೇನು ಬರುವುದನ್ನು ನೋಡಿದವರು ಚಿವುಟಲಾರರು. ಊರೆಲ್ಲ ಕಾಂಕ್ರೀಟಾದ ಮೇಲೂ ಇಲ್ಲಿ ಜೇನು ಉಳಿದಿದ್ದರೆ ಅದರಲ್ಲಿ ತುಳಸಿಯ ಪಾಲು ಇದೆ ಎಂದು ನನ್ನ ನಂಬಿಕೆ.

ಹೂವಿಗಿಂತ ಎಲೆ ಮೊದಲು ಎಂಬುದು ನನಗೆ ತಿಳಿದದ್ದು ಘೋಡಬಂದರ್ ರಸ್ತೆಯ ಓವಳೇಕರ್ ವಾಡಿಯಲ್ಲಿ. ಓವಳೆ ಎಂಬ ಹಳ್ಳಿಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದ ರಾಜೇಂದ್ರ ಓವಳೇಕರ್ ತಮ್ಮ ಮನೆತನದ ಎರಡು ಎಕರೆಯಷ್ಟು ಹೊಲವನ್ನು ಚಿಟ್ಟೆಗಳಿಗೆ ಬಿಟ್ಟುಕೊಟ್ಟರು. ಬಲೆಯಿಲ್ಲ, ಗಾಜಿನ ಮನೆಯಿಲ್ಲ. ಸುತ್ತ ಗಗನಚುಂಬಿ ಕಟ್ಟಡಗಳು ಏಳುತ್ತಿದ್ದರೂ ಯೇವೂರಿನ ಕಾಡಿನ ಕಡೆಯಿಂದ ಚಿಟ್ಟೆಗಳು ತಾವಾಗಿ ಬಂದು ಅಲ್ಲಿ ನೆಲೆಸಿದವು. ನೂರಕ್ಕೂ ಹೆಚ್ಚು ಬಗೆಗಳನ್ನು ಅಲ್ಲಿ ಗುರುತಿಸಿದ್ದಾರೆ. 2015ರಲ್ಲಿ ಮಹಾರಾಷ್ಟ್ರ ತನ್ನ ರಾಜ್ಯದ ಚಿಟ್ಟೆ ಎಂದು ಸಾರಿದ ಬ್ಲೂ ಮಾರ್ಮನ್ ಕೂಡ ಅಂಥ ತೋಟಗಳಿಗೆ ಬರುವುದೇ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಬಳಿದುಕೊಂಡ ಅಂಗೈಯಗಲದ ಜೀವ. ಒಂದು ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ರೆಕ್ಕೆಗಳನ್ನು ನೋಡುತ್ತಿದ್ದಳು, ನಾನು ತೂತುಬಿದ್ದ ಎಲೆಗಳನ್ನು.

ಬೆಳೆದ ಚಿಟ್ಟೆಗೆ ಮಕರಂದ ಎಲ್ಲಿ ಸಿಕ್ಕರೂ ನಡೆಯುತ್ತದೆ, ಅಮೆರಿಕದಿಂದ ಬಂದ ಲಂಟಾನವೂ ಆದೀತು. ಮರಿಗೆ ಹಾಗಲ್ಲ. ಪ್ರತಿ ಗಿಡದ ಎಲೆಯಲ್ಲೂ ತನ್ನನ್ನು ಕಾಯಲು ಒಂದು ಕಹಿಯೋ ವಿಷವೋ ಇರುತ್ತದೆ. ಸಾವಿರಾರು ತಲೆಮಾರು ಆ ಗಿಡದೊಂದಿಗೇ ಬದುಕಿದ ಹುಳಕ್ಕೆ ಮಾತ್ರ ಅದನ್ನು ಅರಗಿಸುವುದು ಗೊತ್ತು. ಎಕ್ಕದ ಹಾಲು ನಮ್ಮ ಕಣ್ಣಿಗೆ ಬಿದ್ದರೆ ಅನಾಹುತ, ಆದರೆ ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಗೆ ಅದೇ ತಾಯಿಹಾಲು. ಆ ವಿಷವನ್ನು ಮೈಯಲ್ಲಿಟ್ಟುಕೊಂಡೇ ಅದು ಹಕ್ಕಿಗಳಿಂದ ಪಾರಾಗುವುದು. ಕರಿಬೇವು, ಲಿಂಬೆಯ ಮೇಲೆ ಕಾಮನ್ ಮಾರ್ಮನ್ ಮೊಟ್ಟೆ ಇಡುತ್ತದೆ. ಕಕ್ಕೆಯ ಎಲೆ ಎಮಿಗ್ರಂಟ್ ಚಿಟ್ಟೆಗೆ, ಈಶ್ವರಿ ಬಳ್ಳಿ ಕ್ರಿಮ್ಸನ್ ರೋಸ್‌ಗೆ; ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಸಹ ಆ ಬಳ್ಳಿಯ ಕುಲವನ್ನೇ ನಂಬಿದ್ದು. ಚಿಟ್ಟೆ ಬೇಕೆನ್ನುವವರು ಎಲೆ ತಿನ್ನಿಸಲು ಒಪ್ಪಲೇಬೇಕು. ನಮ್ಮ ಬಿಲ್ಡಿಂಗಿನ ನೆರೆಯವರು ಮೊದಮೊದಲು "ಕಾಕೂ, ಝಾಡಾಲಾ ಅಳ್ಯಾ ಲಾಗಲ್ಯಾ" ಎಂದು ಗಾಬರಿಯಿಂದ ಬಂದು ಹೇಳುತ್ತಿದ್ದರು. ಹುಳ ಬಂದದ್ದಕ್ಕೇ ಗಿಡ ನೆಟ್ಟದ್ದು ಎಂದಾಗ ಅವರು ನನ್ನ ಮುಖ ನೋಡಿದರು.

ಆ ಭಾನುವಾರ ಮನೆಗೆ ಬಂದವಳೇ ಗಣಪತಿ ಪೂಜೆಯ ಪುಸ್ತಕ ತೆರೆದೆ. ಭಾದ್ರಪದ ಚೌತಿಯಂದು ಗಣಪತಿಗೆ ಇಪ್ಪತ್ತೊಂದು ಪತ್ರೆಗಳನ್ನು ಒಂದೊಂದು ಹೆಸರು ಹೇಳಿ ಏರಿಸುತ್ತೇವಲ್ಲ, ಆ ಪಟ್ಟಿ. ಬಾಯಿಪಾಠವಾಗಿದ್ದ ಆ ಪಟ್ಟಿಯನ್ನು ಅಂದು ಮೊದಲ ಬಾರಿ ಹುಳುಗಳ ಕಡೆಯಿಂದ ಓದಿದೆ. ಬಿಲ್ವ: ಲೈಮ್ ಬಟರ್‌ಫ್ಲೈ ಮತ್ತು ಕಾಮನ್ ಮಾರ್ಮನ್ ಎರಡರ ಮರಿಗಳೂ ತಿನ್ನುವ ಎಲೆ. ಬದರಿ, ಅಂದರೆ ಬೋರೆ: ಕಪ್ಪು ಬಿಳುಪಿನ ಪುಟ್ಟ ಕಾಮನ್ ಪಿಯರೋ ಹುಟ್ಟುವುದು ಅದರ ಮೇಲೆ. ಚೂತ, ಮಾವು: ಬ್ಯಾರನ್ ಚಿಟ್ಟೆಗೆ. ಕರವೀರ, ಕಣಗಿಲೆ: ಕಾಮನ್ ಕ್ರೋ ಚಿಟ್ಟೆಗೆ, ಅದರ ಕೋಶ ಬೆಳ್ಳಿಯ ಲೋಲಕು ತೂಗಿದಂತೆ ಎಲೆಯಡಿ ಹೊಳೆಯುತ್ತಿರುತ್ತದೆ. ಅರ್ಕ, ನಮ್ಮ ಎಕ್ಕ. ಅರ್ಜುನ: ತಸರ್ ರೇಷ್ಮೆಹುಳದ ಆಹಾರ. ಸಿಂಧುವಾರ, ಅದೇ ಲಕ್ಕಿ: ಜೇನಿಗೆ ಬಲು ಪ್ರೀತಿ. ಅಶ್ವತ್ಥದ ಹೂಗಳು ಕಾಯಿಯ ಒಳಗೇ ಅಡಗಿರುತ್ತವೆ, ಅದಕ್ಕೇ ಮೀಸಲಾದ ಸಾಸಿವೆಗಿಂತ ಚಿಕ್ಕ ಕಣಜವೊಂದು ಒಳಹೊಕ್ಕರೆ ಮಾತ್ರ ಮರಕ್ಕೆ ಸಂತಾನ. ಈ ಪಟ್ಟಿ ಮಾಡಿದವರು ಚಿಟ್ಟೆಗಳನ್ನು ನೆನೆದು ಮಾಡಿದರು ಎಂದು ನಾನು ಹೇಳುವುದಿಲ್ಲ, ಅದಕ್ಕೆ ಆಧಾರವಿಲ್ಲ. ಆದರೆ ದೇವರಿಗೆ ಪ್ರಿಯವೆಂದು ನಾವು ಎಣಿಸಿದ ಎಲೆಗಳು ಇಷ್ಟು ಜೀವಿಗಳ ತೊಟ್ಟಿಲೂ ಆಗಿವೆ ಎಂದು ತಿಳಿದ ಮೇಲೆ ಆ ಹೆಸರುಗಳನ್ನು ಹೇಳುವಾಗ ನನ್ನ ದನಿ ಬದಲಾಯಿತು. ಇಲ್ಲಿ ಚೌತಿಯ ಹಿಂದಿನ ದಿನ ಠಾಣೆ, ಕಲ್ಯಾಣ ಸ್ಟೇಷನ್ನಿನ ಹೊರಗೆ ವಾರಲಿ, ಕಾತಕರಿ, ಠಾಕೂರ್ ಹೆಂಗಸರು ಕಾಡಿನಂಚಿನಿಂದ ಪತ್ರಿ ಹೊತ್ತು ತಂದು ಮಾರುತ್ತಾರೆ. ಪ್ಲಾಸ್ಟಿಕ್ಕಿನ ತೋರಣಕ್ಕೆ ಕೊಡುವ ದುಡ್ಡನ್ನು ಅವರಿಗೆ ಕೊಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕಾಡಿನಂಚು ಉಳಿಯುವುದು ಅದನ್ನು ಹೆಸರು ಹಿಡಿದು ಬಲ್ಲ ಅಂಥವರು ಉಳಿದರೆ.

ಕಟ್ಟಳೆಯ ನಿಜವಾದ ಇಕ್ಕಟ್ಟು ಬಂದದ್ದು ಬಿಲ್ವದಲ್ಲಿ. ಶಿವರಾತ್ರಿಗೆ ಅಂಬರನಾಥದ ದೇವಾಲಯಕ್ಕೆ, 1060ರ ಶಾಸನವಿರುವ ಆ ಕಪ್ಪು ಕಲ್ಲಿನ ಗುಡಿಗೆ, ಪ್ರತಿ ವರ್ಷ ನಮ್ಮ ಗಿಡದ ದಳ ಒಯ್ಯುವ ಆಸೆ ನನ್ನದು. ಒಂದು ವರ್ಷ ಲೈಮ್ ಬಟರ್‌ಫ್ಲೈ ಮರಿಗಳು ಒಂದು ಮಗ್ಗುಲನ್ನೇ ತಿಂದಿದ್ದವು. ಈ ಮರಿ ಎಳೆಯದಿದ್ದಾಗ ಥೇಟು ಹಕ್ಕಿಯ ಹಿಕ್ಕೆ. ಬೆಳೆದ ಮೇಲೆ ಹಸಿರು, ಕೆಣಕಿದರೆ ತಲೆಯಿಂದ ಕ್ಯಾಟ್‌ಬಿಲ್ಲಿನಂಥ ಎರಡು ಕೊಂಬು ಚಾಚಿ ಘಾಟು ಬಿಡುತ್ತದೆ. ಶಿವನಿಗೆ ಮೂರೂ ಎಸಳು ಅಖಂಡವಾಗಿರಬೇಕು, ತೂತಿರಬಾರದು. ನಮ್ಮ ಮನೆಯ ಪೌರೋಹಿತ್ಯಕ್ಕೆ ಬರುವ ಭಟ್ಟರು ಹೊನ್ನಾವರದ ಕಡೆಯವರು, ನೇರ ಮಾತಿನವರು. "ಭಟ್ಟರೇ, ಹುಳ ತೆಗೆದುಬಿಡಲೇ?" ಎಂದು ಕೇಳಿದೆ. ಅವರು ಒಂದು ಗಳಿಗೆ ಯೋಚಿಸಿ ಹೇಳಿದರು: "ಅಮ್ಮಾ, ಇಡೀ ಇದ್ದದ್ದು ಶಿವನಿಗೆ ತನ್ನಿ. ತಿಂದದ್ದು ಅವನಿಗೆ ಆಗಲೇ ಮುಟ್ಟಿದೆ. ಗೀತೆಯ ಹದಿನೈದನೇ ಅಧ್ಯಾಯ ನೀವು ದಿನಾ ಓದುತ್ತೀರಲ್ಲ."

ಓದುತ್ತೇನೆ. ಊಟಕ್ಕೆ ಮೊದಲು ಅದನ್ನು ಹೇಳುವ ಮನೆಗಳು ನಮ್ಮಲ್ಲಿ ಬಹಳ. ಪ್ರಾಣಿಗಳ ಹೊಟ್ಟೆಯಲ್ಲಿ ವೈಶ್ವಾನರನೆಂಬ ಅಗ್ನಿಯಾಗಿ ಅನ್ನವನ್ನು ಜೀರ್ಣಿಸುವವನು ತಾನೇ ಎಂದು ಕೃಷ್ಣ ಅಲ್ಲಿ ಹೇಳುತ್ತಾನೆ. ಹೇಳುವಾಗ ನಾವು ನಮ್ಮ ಹೊಟ್ಟೆಯನ್ನಷ್ಟೇ ನೆನೆಯುತ್ತೇವೆ. ಅಲ್ಲಿ ಹುಳದ ಹೊಟ್ಟೆಯನ್ನು ಹೊರಗಿಟ್ಟಿಲ್ಲ. ಆ ಹಸಿರು ಮರಿಯೊಳಗೂ ಅದೇ ಅಗ್ನಿ ಉರಿಯುತ್ತಿದ್ದರೆ ಬಿಲ್ವದ ಆ ಮಗ್ಗುಲು ಹೋಮವಾಗಿದೆ. ದುಂಬಿ ಹೀರಿದ ಮಕರಂದವೂ ಹಾಗೆಯೇ. ನಾದಿನಿಯ ಪ್ರಶ್ನೆಗೆ ನನ್ನ ಉತ್ತರ ಅಲ್ಲಿ ಸಿಕ್ಕಿತು. ಜೇನು ಉಂಡ ಹೂವನ್ನು ನಾನು ದೇವರ ಮನೆಗೆ ತರುವಾಗ ಅದು ಎರಡನೇ ಬಾರಿ ದೇವರಿಗೆ ಸಲ್ಲುತ್ತಿದೆ. ಮೊದಲ ಬಾರಿ ಸಲ್ಲಿಸಿದ್ದು ಗಿಡ. ಮೊದಲ ಪಾಲು ದೇವರದ್ದು ಎಂಬ ಅವಳ ಶಿಸ್ತಿಗೆ ಇದರಿಂದ ಕುಂದಿಲ್ಲ. ದೇವರು ಎಲ್ಲಿ ಕೂತು ಉಣ್ಣುತ್ತಾನೆ ಎಂಬಲ್ಲಿ ಮಾತ್ರ ನಮ್ಮಿಬ್ಬರ ಲೆಕ್ಕ ಬೇರೆ.

ಹೀಗೆ ಹೇಳಿದಾಕ್ಷಣ ಎಲ್ಲವೂ ಮಧುರವಾಗುವುದಿಲ್ಲ. ನಾನು ಲಿಂಬೆ ನೆಟ್ಟು ಮರಿಗಳನ್ನು ಕರೆದೆ. ಮರಿಗಳನ್ನು ಅರಸಿ ಕಣಜ ಬಂತು. ಮೀಟರ್ ಪೆಟ್ಟಿಗೆಯ ಮೇಲೆ ಮಣ್ಣಿನ ಪುಟ್ಟ ಗಡಿಗೆ ಕಟ್ಟಿ, ಒಳಗೆ ಮೊಟ್ಟೆಯಿಟ್ಟು, ಮರಿಯನ್ನು ಚುಚ್ಚಿ ಮರಗಟ್ಟಿಸಿ ತುಂಬಿ ಬಾಯಿ ಮುಚ್ಚುತ್ತದೆ. ನಮ್ಮ ವೇದಾಂತಿಗಳ ಅಚ್ಚುಮೆಚ್ಚಿನ ಭ್ರಮರ-ಕೀಟ ನ್ಯಾಯ ಇದೇ: ಗೂಡಿನಲ್ಲಿ ಸಿಕ್ಕ ಕೀಟ ಭ್ರಮರವನ್ನೇ ಧ್ಯಾನಿಸಿ ಧ್ಯಾನಿಸಿ ತಾನೂ ಭ್ರಮರವಾಗಿ ಹಾರುತ್ತದೆ ಎಂಬ ದೃಷ್ಟಾಂತ. ಅವಧೂತನ ಕೊನೆಯ ಗುರುವೂ ಅದೇ. ಬಾಲ್ಯದಿಂದ ಕೇಳಿದ ಆ ದೃಷ್ಟಾಂತ ನನ್ನ ಕಣ್ಣೆದುರು ನಡೆದಾಗ ಗಡಿಗೆಯೊಳಗಿನ ಕೀಟ ಏನೂ ಆಗಲಿಲ್ಲ. ಅದನ್ನು ತಿಂದು ಬೆಳೆದ ಕಣಜದ ಮರಿ ಹಾರಿಹೋಯಿತು. ಧ್ಯಾನದ ಬಗ್ಗೆ ಹಿರಿಯರು ಹೇಳಬೇಕೆಂದಿದ್ದ ಮಾತು ಇದರಿಂದ ಸುಳ್ಳಾಗುವುದಿಲ್ಲ ಎಂದುಕೊಳ್ಳುತ್ತೇನೆ, ಆದರೆ ಕೀಟದ ನೋವನ್ನು ಆ ದೃಷ್ಟಾಂತ ಮುಚ್ಚಿಬಿಡುತ್ತದೆ ಎಂಬುದು ನನ್ನ ದೂರು. ಗಡಿಗೆಯನ್ನು ಒಡೆದು ಮರಿಯನ್ನು ಉಳಿಸಬೇಕಿತ್ತೇ? ಮೊಮ್ಮಗಳು ಹಾಗೇ ಹಟ ಹಿಡಿದಳು. ನಾನು ಒಡೆಯಲಿಲ್ಲ. ಕಣಜದ ತಾಯಿಯೂ ನಮ್ಮ ಲಕ್ಕಿಯ ಹೂವಿನಲ್ಲಿ ಮಕರಂದ ಕುಡಿದು, ತನ್ನ ಕಾಲಿಗೆ ಪರಾಗ ಅಂಟಿಸಿಕೊಂಡು ಹೋಗುವವಳೇ. ಯಾರಿಗೆ ಬಡಿಸಬೇಕು, ಯಾರಿಗೆ ಬೇಡ ಎಂದು ಆರಿಸುವ ಅಧಿಕಾರ ನೆಟ್ಟವಳಿಗಿಲ್ಲ ಎಂಬಲ್ಲಿಗೆ ನನ್ನ ಯೋಚನೆ ನಿಂತಿದೆ. ಅದಕ್ಕಿಂತ ಮುಂದೆ ಹೋಗಲು ನನಗೆ ಧೈರ್ಯವಿಲ್ಲ.

ಗೃಹಸ್ಥನ ಮನೆಯಲ್ಲಿ ಐದು ಕೊಲೆಯ ಜಾಗಗಳಿವೆ ಎನ್ನುತ್ತದೆ ಧರ್ಮಶಾಸ್ತ್ರ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ. ಬದುಕಲು ಮಾಡುವ ಕೆಲಸದಲ್ಲೇ ಕಾಣದ ಜೀವಿಗಳು ಸಾಯುತ್ತವೆ. ಅದಕ್ಕೆ ಪ್ರಾಯಶ್ಚಿತ್ತವಾಗಿ ದಿನವೂ ಐದು ಯಜ್ಞ, ಅವುಗಳಲ್ಲೊಂದು ಭೂತಯಜ್ಞ. ಊರಿನಲ್ಲಿ ಅಜ್ಜ ಊಟಕ್ಕೆ ಕೂರುವ ಮೊದಲು ಅಂಗಳದಲ್ಲಿ ಒಂದು ಹಿಡಿ ಅನ್ನ ಇಡುತ್ತಿದ್ದ. ನಾಲ್ಕನೇ ಮಾಳಿಗೆಯ ಫ್ಲಾಟಿನಲ್ಲಿ ಅಂಗಳವಿಲ್ಲ. ಒಲೆ ಗ್ಯಾಸಾಯಿತು, ಬೀಸುವ ಕಲ್ಲು ಮಿಕ್ಸರಾಯಿತು. ಆರನೆಯ ಜಾಗವೊಂದು ಹೊಸದಾಗಿ ಸೇರಿದೆ, ಪೆಸ್ಟ್ ಕಂಟ್ರೋಲಿನ ಪಂಪು. ಹೆಜ್ಜೇನು ಎತ್ತರದ ಕಟ್ಟಡದ ಸಜ್ಜೆಗೆ ಗೂಡು ಕಟ್ಟಿದರೆ ರಾತ್ರೋರಾತ್ರಿ ಹೊಗೆಯೋ ಮದ್ದೋ ಹಾಕಿ ಕೆಡವುತ್ತಾರೆ. ಮಕ್ಕಳಿರುವ ಮನೆಯವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಎಷ್ಟು ಕಡೆ ಕಾಯಬಹುದಿತ್ತು! ಹೆಜ್ಜೇನು ಋತು ನೋಡಿ ಊರು ಬದಲಿಸುವ ಜೀವ, ಕೆಣಕದಿದ್ದರೆ ಕೆಲವು ತಿಂಗಳಲ್ಲಿ ತಾನೇ ಎದ್ದು ಹೋಗುತ್ತದೆ. ಭೂತಯಜ್ಞಕ್ಕೆ ಇವತ್ತು ಅನ್ನದ ಉಂಡೆಗಿಂತ ತಿನ್ನಲು ಬಿಟ್ಟ ಒಂದು ಗಿಡ ಹೆಚ್ಚು ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ, ಮತ್ತು ಅದನ್ನು ಯಜ್ಞವೆಂದೇ ಎಣಿಸಿ ಮಾಡುತ್ತೇನೆ.

ಇಲ್ಲಿನ ಗಿಡ, ಹೊರಗಿನ ಗಿಡ ಎಂದು ಬೇರ್ಪಡಿಸುವ ಮಾತು ಆಡುವಾಗ ನನಗೆ ಮೈಯೆಲ್ಲ ಎಚ್ಚರ. ನಾವೇ ಹೊರಗಿನಿಂದ ಬಂದವರು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ ದಿನದಿಂದ ಈ ಹಳಿಗಳ ಪಕ್ಕದ ಊರುಗಳೆಲ್ಲ ಬಂದವರಿಂದಲೇ ತುಂಬಿವೆ. ಗುಲ್‌ಮೊಹರ್ ಮಡಗಾಸ್ಕರಿನದು, ಗುಡ್ಡಗಳಿಗೆ ಹಚ್ಚಿದ ಗ್ಲಿರಿಸಿಡಿಯ ಮಧ್ಯ ಅಮೆರಿಕದ್ದು, ದಸರೆಯ ಚೆಂಡುಹೂ ಮೆಕ್ಸಿಕೊದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಚೆಂಡುಹೂವನ್ನು ದೇವರು ಒಪ್ಪಿಕೊಂಡಿದ್ದಾನೆ. ನಾನು ಯಾರು ಬೇಡವೆನ್ನಲು? ಆದರೆ ಅದರ ಎಲೆಯ ಮೇಲೆ ಚಿಟ್ಟೆ ಮೊಟ್ಟೆಯಿಟ್ಟದ್ದನ್ನು ನಾನು ಕಂಡಿಲ್ಲ. ಒಂದು ಎಲೆಯ ರುಚಿ ಒಂದು ಹುಳಕ್ಕೆ ಒಗ್ಗಲು ಯುಗಗಳು ಬೇಕು. ಮನುಷ್ಯರಿಗೆ ಈ ಅಳತೆ ಹಿಡಿಯಕೂಡದು. ಬಂದ ಮನುಷ್ಯ ಒಂದೇ ಆಯುಸ್ಸಿನಲ್ಲಿ ನೆರೆಯವರ ಭಾಷೆ ಕಲಿಯಬಲ್ಲ, ಶಾಲೆ ಕಟ್ಟಬಲ್ಲ, ಈ ಮಣ್ಣಿಗೆ ಸಲ್ಲುವ ಗಿಡ ನೆಡಬಲ್ಲ. ಡೊಂಬಿವಲಿಯ ಕನ್ನಡಿಗರು ಮೊದಲೆರಡನ್ನೂ ಮಾಡಿದ್ದಾರೆ.

ನಾದಿನಿಯೊಂದಿಗೆ ವಾದ ಮಾಡುತ್ತ ಹೋದಾಗ ಕೊನೆಗೆ ನನ್ನ ನೆರವಿಗೆ ಬಂದದ್ದು ಪಾರಿಜಾತ. ನೆಲಕ್ಕೆ ಬಿದ್ದ ಹೂ ಸಲ್ಲದು ಎಂಬ ಕಟ್ಟಳೆಗೆ ನಮ್ಮ ಹಿರಿಯರೇ ಮಾಡಿದ ವಿನಾಯಿತಿ ಅದು. ಸಂಜೆ ಅರಳುತ್ತದೆ; ರಾತ್ರಿಯಿಡೀ ಉದ್ದ ನಾಲಗೆಯ ಪತಂಗಗಳು ಅದರ ಕಿತ್ತಳೆ ಬಣ್ಣದ ಕೊಳವೆಗೆ ಬರುತ್ತವೆ; ನಸುಕಿಗೆ ಹೂ ತಾನಾಗಿ ಉದುರುತ್ತದೆ. ಉದುರುವುದು ಎಸಳು, ಕೊಳವೆ, ಕೇಸರ ಮಾತ್ರ. ಬೀಜವಾಗಬೇಕಾದ ಭಾಗ ಗಿಡದಲ್ಲೇ ಉಳಿಯುತ್ತದೆ. ಬಕುಳವೂ ಹೀಗೆ. ನಮ್ಮೂರಲ್ಲಿ ಅದನ್ನು ರಂಜಲು ಎನ್ನುತ್ತಿದ್ದೆವು, ಬೆಳಿಗ್ಗೆ ಮರದಡಿ ಹೆಕ್ಕಿ ಬಾಳೆನಾರಿನಲ್ಲಿ ಪೋಣಿಸುತ್ತಿದ್ದೆವು. ಪತಂಗ ಉಂಡಾಗಿದೆ, ಗಿಡಕ್ಕೆ ಬೇಕಾದದ್ದು ಗಿಡದಲ್ಲಿದೆ, ಆಮೇಲೆ ದೇವರಿಗೆ. ಇದಕ್ಕೆ ಶಾಸ್ತ್ರವೇ ಒಪ್ಪಿಗೆ ಕೊಟ್ಟಿರುವಾಗ ದಾಸವಾಳವನ್ನು ಮಾತ್ರ ಏಕೆ ಕತ್ತಲಲ್ಲಿ ಕೊಯ್ಯಬೇಕು? ಈಗ ನಾನು ಹೂ ಕೊಯ್ಯುವುದು ಹತ್ತು ಗಂಟೆ ಕಳೆದ ಮೇಲೆ, ಅದೂ ಸಂಜೆಗೆ ಹೇಗಿದ್ದರೂ ಮುದುಡುವ ಹೂಗಳಲ್ಲಿ ಕೆಲವನ್ನು. ತುಂಬೆಯನ್ನು ಶಿವರಾತ್ರಿ ಬಿಟ್ಟರೆ ಮುಟ್ಟುವುದಿಲ್ಲ. ಆಫೀಸಿಗೆ ಓಡುವವರು ಏಳರ ಲೋಕಲ್ಲಿಗೆ ಮೊದಲೇ ಪೂಜೆ ಮುಗಿಸಬೇಕು, ಅವರು ಹತ್ತರವರೆಗೆ ಕಾಯಲಾರರು. ಅಂಥವರಿಗೂ ದಾರಿ ಇದೆ. ಯಾವ ಉಪಚಾರಕ್ಕೆ ಸಾಮಗ್ರಿ ಇಲ್ಲವೋ ಅದಕ್ಕೆ ಅಕ್ಷತೆ ಎಂದು ಪ್ರತಿ ಪೂಜೆಯಲ್ಲೂ ಭಟ್ಟರು ಹೇಳುವುದಿಲ್ಲವೇ? ಮಾನಸ ಪೂಜೆಯ ಎಂಟು ಹೂಗಳಲ್ಲಿ ಅಹಿಂಸೆಯನ್ನು ಮೊದಲ ಹೂವೆಂದೂ, ಸರ್ವಭೂತದಯೆಯನ್ನು ಮತ್ತೊಂದು ಹೂವೆಂದೂ ಎಣಿಸಿದ ಪರಂಪರೆ ನಮ್ಮದು. ಎರಡು ಕಾಳು ಅಕ್ಷತೆ ಇಟ್ಟು, ಇವತ್ತಿನ ಹೂವನ್ನು ಗಿಡದಲ್ಲೇ ನಿನಗೆ ಅರ್ಪಿಸಿದ್ದೇನೆ ಎಂದರೆ ಆ ಪೂಜೆಗೆ ಲೋಪವಿಲ್ಲ.

ನಾದಿನಿ ಈಗಲೂ ನಸುಕಿಗೇ ಕೊಯ್ಯುತ್ತಾಳೆ. ಆದರೆ ಅವಳ ಕಂಪೌಂಡಿನ ಕಣಗಿಲೆಯಲ್ಲಿ ಮೇಲಿನ ರೆಂಬೆಗಳನ್ನು ಬಿಡತೊಡಗಿದ್ದಾಳೆ. ಕೇಳಿದರೆ ಕೈಗೆಟುಕುವುದಿಲ್ಲ ಎನ್ನುತ್ತಾಳೆ.

ನವಿ ಮುಂಬೈಯ ಐರೋಲಿಯಲ್ಲಿ ಹತ್ತೊಂಬತ್ತನೇ ಮಾಳಿಗೆಯಲ್ಲಿ ಮನೆ ಮಾಡಿದ ಮಗ ಮೊನ್ನೆ ಫೋನಿನಲ್ಲಿ, "ಆಯಿ, ನನ್ನ ಬಾಲ್ಕನಿಯಲ್ಲಿ ಎರಡೇ ಕುಂಡ ಹಿಡಿಸುವುದು. ಏನಿಡಲಿ?" ಎಂದು ಕೇಳಿದ. ಒಂದರಲ್ಲಿ ತುಳಸಿ ಇಡು, ಕದಿರು ಪೂರ್ತಿ ಚಿವುಟಬೇಡ ಎಂದೆ. ಇನ್ನೊಂದರಲ್ಲಿ ಕರಿಬೇವು. ಅಷ್ಟೆತ್ತರಕ್ಕೆ ಚಿಟ್ಟೆ ಬಂದೀತೇ ಎಂದು ಅವನಿಗೆ ಅನುಮಾನ. ಬರುವುದು ತಡವಾದೀತು, ಅಲ್ಲಿಯವರೆಗೆ ಎಲೆ ಒಗ್ಗರಣೆಗೆ ಆಗುತ್ತದೆ ಎಂದೆ. ಹಕ್ಕಿಯ ಹಿಕ್ಕೆಯಂಥದ್ದು ಎಲೆಯ ಮೇಲೆ ಕಂಡರೆ ಒರೆಸಬೇಡ, ಹತ್ತಿರ ಹೋಗಿ ನೋಡು. ಕಂಡ ಮೇಲೆ ಚಿಗುರು ಅವಕ್ಕೆ, ಬಲಿತ ಎಲೆ ನಿನಗೆ. ಪೆಸ್ಟ್ ಕಂಟ್ರೋಲಿನವರು ಬರುವ ದಿನ ಎರಡೂ ಕುಂಡಗಳನ್ನು ಒಳಗೆ, ದೇವರ ಕೋಣೆಯಲ್ಲಿ ತಂದಿಟ್ಟುಕೊ.